ಸ್ಪ್ರಿಂಗ್ ಕಟ್ಟಿಸಿಕೊಂಡ ಹುಡುಗ: ಟೋಕಿಯೊದ ಬೇಸ್‌ಬಾಲ್ ಮಾಂಗಾ ಮುಂಬೈ ಕ್ರಿಕೆಟ್ ಆದ ಕಥೆ

2012ರ ಡಿಸೆಂಬರ್ 23, ಭಾನುವಾರ. ಕಲರ್ಸ್ ಚಾನೆಲ್‌ನಲ್ಲಿ 'ಸೂರಜ್: ದಿ ರೈಸಿಂಗ್ ಸ್ಟಾರ್' ಅನ್ನೋ ಹಿಂದಿ ಕಾರ್ಟೂನ್ ಶುರುವಾಯಿತು. ಮುಂಬೈ ಕೊಳೆಗೇರಿಯ ಹುಡುಗ. ದೊಡ್ಡ ಕ್ರಿಕೆಟಿಗ ಆಗುವ ಹಟ. ಬೆನ್ನು ಬಿದ್ದು ಅಭ್ಯಾಸ ಮಾಡಿಸುವ ಅಪ್ಪ. ನೋಡಿದವರಿಗೆ ಇದು ನಮ್ಮದೇ ಕಥೆ ಅನ್ನಿಸಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಸೂರಜ್ ಹುಟ್ಟಿದ್ದು ಜಪಾನಿನಲ್ಲಿ, 46 ವರ್ಷ ಮೊದಲೇ. ಆಗ ಅವನ ಹೆಸರು ಹೊಷಿ ಹ್ಯೂಮಾ, ಅವನ ಆಟ ಬೇಸ್‌ಬಾಲ್.

ಹ್ಯೂಮಾನ ಕಥೆ ಬಂದ ಮಾಂಗಾದ, ಅಂದರೆ ಜಪಾನಿ ಕಾಮಿಕ್ಸ್‌ನ, ಹೆಸರು 'ಕ್ಯೊಜಿನ್ ನೊ ಹೊಷಿ'. ಕೊದಾನ್ಷಾ ಪ್ರಕಾಶನದ 'ವೀಕ್ಲಿ ಶೋನೆನ್ ಮ್ಯಾಗಜೀನ್'ನಲ್ಲಿ 1966ರಿಂದ 1971ರವರೆಗೆ ಬಂತು. ಕಥೆ ಕಾಜಿವಾರಾ ಇಕ್ಕಿ, ಚಿತ್ರ ಕಾವಾಸಾಕಿ ನೊಬೊರು. ಇವತ್ತು 'ಸ್ಲ್ಯಾಮ್ ಡಂಕ್', 'ಹೈಕ್ಯೂ' ಅಂತ ನಮ್ಮ ಹುಡುಗರು ಹುಚ್ಚು ಹಿಡಿಸಿಕೊಂಡು ನೋಡುತ್ತಾರಲ್ವಾ, ಆ ಕ್ರೀಡಾ ಕಥೆಗಳ ಮನೆತನದ ಹಿರಿಯ ಇದು.

ಅದು ಬಂದ ಕಾಲವನ್ನು ಸ್ವಲ್ಪ ನೆನೆಯಬೇಕು. ಯುದ್ಧದಲ್ಲಿ ಸೋತು ಸುಟ್ಟುಹೋಗಿದ್ದ ದೇಶ 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ನಡೆಸಿತ್ತು. ಅಲ್ಲಿ ಜಪಾನಿನ ಮಹಿಳಾ ವಾಲಿಬಾಲ್ ತಂಡ ಚಿನ್ನ ಗೆದ್ದಿತು. ಕೋಚ್ ದಾಯ್‌ಮಾತ್ಸು ಆ ಹುಡುಗಿಯರಿಗೆ ಕೊಟ್ಟಿದ್ದ ಕಠಿಣ ತರಬೇತಿಯನ್ನು ಇಡೀ ದೇಶ ಕೊಂಡಾಡಿತು. ಮೈ ಮುರಿದು ದುಡಿದರೆ ಯಾರು ಬೇಕಾದರೂ ಮೇಲೆ ಬರಬಹುದು ಅನ್ನೋ ನಂಬಿಕೆ ಗಾಳಿಯಲ್ಲೇ ಇತ್ತು. ಅದೇ ಕಾಲಕ್ಕೆ ಯೊಮಿಯುರಿ ಜೈಂಟ್ಸ್ ಅನ್ನೋ ಬೇಸ್‌ಬಾಲ್ ತಂಡ 1965ರಿಂದ 1973ರವರೆಗೆ ಸತತ ಒಂಬತ್ತು ವರ್ಷ ಜಪಾನ್ ಸೀರೀಸ್, ಅಂದರೆ ಅಲ್ಲಿನ ವೃತ್ತಿಪರ ಬೇಸ್‌ಬಾಲ್ ಪಟ್ಟ, ಗೆದ್ದಿತು. ಆ ತಂಡದ ಮ್ಯಾನೇಜರ್ ಕಾವಾಕಾಮಿ, ಆಟಗಾರರಾದ ನಾಗಾಶಿಮಾ, ಓ ಸದಹಾರು ಥರದ ನಿಜವಾದ ಜನರೇ ಈ ಮಾಂಗಾದಲ್ಲಿ ಪಾತ್ರಗಳಾಗಿ ಓಡಾಡುತ್ತಾರೆ. ವಾರವಾರ ಪೇಪರಿನಲ್ಲಿ ಓದುವ ಹೀರೋಗಳ ಪಕ್ಕದಲ್ಲೇ ಹ್ಯೂಮಾ ನಿಂತಿರುತ್ತಾನೆ. ಮಕ್ಕಳಿಗೆ ಇನ್ನೇನು ಬೇಕು?

ಕಥೆಯ ಬೇರು ಮಾತ್ರ ಅಪ್ಪ. ಹೊಷಿ ಇಟ್ಟೆತ್ಸು ಒಂದು ಕಾಲದಲ್ಲಿ ಜೈಂಟ್ಸ್ ತಂಡದ ಥರ್ಡ್ ಬೇಸ್‌ಮನ್, ಅಂದರೆ ಮೂರನೇ ಬೇಸ್ ಕಾಯುವ ಫೀಲ್ಡರ್. ಯುದ್ಧಕ್ಕೆ ಹೋಗಿ ಭುಜ ಕೆಡಿಸಿಕೊಂಡು ಬಂದ. ಸೋತ ಭುಜಕ್ಕೆ ಬದಲಾಗಿ, ಓಡಿ ಬರುವ ಆಟಗಾರ ಹೆದರಿ ನಿಲ್ಲುವಂತೆ ತಿರುಗುವ ಒಂದು ಎಸೆತ ಕಂಡುಹಿಡಿದ. ಅದು ಆಟದ ಮರ್ಯಾದೆಗೆ ತಕ್ಕದ್ದಲ್ಲ ಅಂತ ತಂಡ ಬಿಡಬೇಕಾಯಿತು. ಈಗ ಟೋಕಿಯೊದ ಬಡ ವಠಾರದಲ್ಲಿ ಕೂಲಿ ಮಾಡುತ್ತಾ ತನ್ನ ಕನಸನ್ನೆಲ್ಲ ಮಗನ ಮೈಗೆ ಹೇರುತ್ತಿದ್ದಾನೆ.

'ಮೈಗೆ' ಅಂದಿದ್ದು ಸುಮ್ನೆ ಅಲ್ಲ. ಪುಟ್ಟ ಹ್ಯೂಮಾನ ಎದೆ, ಭುಜ, ತೋಳುಗಳಿಗೆ ಉಕ್ಕಿನ ಸ್ಪ್ರಿಂಗ್‌ಗಳ ಒಂದು ಕವಚ ಕಟ್ಟಿರುತ್ತಾರೆ. ಕೈ ಚಾಚಿದರೆ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಊಟಕ್ಕೆ ಕೂತಾಗಲೂ ಬಿಚ್ಚುವ ಹಾಗಿಲ್ಲ. ಅಂಗಿ ತೊಟ್ಟರೆ ಹೊರಗಿನವರಿಗೆ ಕಾಣುವುದಿಲ್ಲ. ಮನೆಯ ಗೋಡೆಯಲ್ಲಿ ಚೆಂಡಿನಷ್ಟೇ ಒಂದು ತೂತು. ಹುಡುಗ ಒಳಗಿನಿಂದ ಆ ತೂತಿನ ಮೂಲಕ ಚೆಂಡು ಎಸೆಯಬೇಕು. ಅದು ಹೊರಗಿನ ಮರಕ್ಕೆ ಬಡಿದು ಅದೇ ತೂತಿನಿಂದ ವಾಪಸ್ ಕೈಗೆ ಬರಬೇಕು. ಪಕ್ಕದಲ್ಲಿ ಅಕ್ಕ ಅಕಿಕೊ ಕಣ್ಣೀರು ತುಂಬಿಕೊಂಡು ನೋಡುತ್ತಿರುತ್ತಾಳೆ.

ಬೆಳೆದ ಹ್ಯೂಮಾ ಜೈಂಟ್ಸ್ ಸೇರುತ್ತಾನೆ. ಆದರೆ ಅವನ ಎಸೆತ ಹಗುರ. ಬ್ಯಾಟಿಗೆ ಸಿಕ್ಕರೆ ಚೆಂಡು ದೂರ ಹಾರುತ್ತದೆ. ಅಲ್ಲಿಂದ ಶುರುವಾಗುವುದೇ ಮಾಯಾ ಎಸೆತಗಳ ಸರಣಿ. ಮೊದಲನೆಯದು ಕ್ರಿಕೆಟ್ ನೋಡುವವರಿಗೆ ಥಟ್ಟಂತ ಅರ್ಥವಾಗುತ್ತದೆ: ಬ್ಯಾಟನ್ನು ತಪ್ಪಿಸುವ ಬದಲು ಬ್ಯಾಟಿಗೇ ಗುರಿಯಿಡುವುದು. ಸ್ಲಿಪ್‌ನಲ್ಲಿ ಫೀಲ್ಡರ್ ನಿಲ್ಲಿಸಿ ಎಡ್ಜ್ ಹುಡುಕುವ ಬೌಲರ್ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಹ್ಯೂಮಾನ ಚೆಂಡು ಬ್ಯಾಟಿಗೆ ತಾಗಿ ಮೆತ್ತಗೆ ಉರುಳುತ್ತದೆ, ಫೀಲ್ಡರ್ ಎತ್ತಿ ಬೇಸ್‌ಗೆ ಎಸೆದರೆ ಬ್ಯಾಟರ್ ಔಟ್. ಎರಡನೆಯದು ಧೂಳಿನಲ್ಲಿ ಮಾಯವಾಗುವ ಚೆಂಡು. ಮೂರನೆಯದು ಬ್ಯಾಟ್ ಬೀಸಿದ ಗಾಳಿಗೇ ಸರಿದು ತಪ್ಪಿಸಿಕೊಳ್ಳುವ ನಿಧಾನದ ಎಸೆತ. ಜೋರಾಗಿ ಬೀಸುವವನಿಗೆ ಅದು ಸಿಗುವುದೇ ಇಲ್ಲ.

ಈ ಮೂರನೆಯ ಎಸೆತ ಅವನ ತೋಳನ್ನು ತಿಂದುಹಾಕುತ್ತದೆ. ಕೊನೆಯ ಪಂದ್ಯದಲ್ಲಿ ಎದುರು ನಿಂತ ಕೊನೆಯ ಬ್ಯಾಟರ್ ಅವನ ಪ್ರಾಣ ಸ್ನೇಹಿತ ಬಾನ್ ಚೂಟಾ. ಬಾನ್‌ನನ್ನು ಎದುರಾಳಿ ಚುನಿಚಿ ತಂಡಕ್ಕೆ ಎಳೆದುಕೊಂಡು ಹೋಗಿ ಪಳಗಿಸಿದವನು ಬೇರೆ ಯಾರೂ ಅಲ್ಲ, ಅಲ್ಲಿ ಕೋಚ್ ಆಗಿರುವ ಇಟ್ಟೆತ್ಸು. ಮಗನನ್ನು ಬೆಳೆಸಿದ ಅಪ್ಪನೇ ಈಗ ಮಗನನ್ನು ಸೋಲಿಸಲು ನಿಂತಿದ್ದಾನೆ. ಹ್ಯೂಮಾ ಎಸೆಯುತ್ತಾನೆ, ಎಡಗೈ ಅಲ್ಲಿಗೆ ಮುಗಿಯುತ್ತದೆ.

ಇಲ್ಲೇ ಮಾಂಗಾ ಮತ್ತು ಟಿವಿ ಬೇರೆ ದಾರಿ ಹಿಡಿಯುತ್ತವೆ. ಮಾಂಗಾದಲ್ಲಿ ಗೆಳೆಯರ ಮದುವೆ ನಡೆಯುವಾಗ ಹ್ಯೂಮಾ ಹೊರಗೇ ನಿಂತು ನೋಡಿ, ಯಾರಿಗೂ ಹೇಳದೆ ಒಬ್ಬನೇ ಹೊರಟುಹೋಗುತ್ತಾನೆ. ಅನಿಮೆಯಲ್ಲಿ, ಅಂದರೆ ಟಿವಿಯ ಜಪಾನಿ ಕಾರ್ಟೂನಿನಲ್ಲಿ, ಅಪ್ಪ ಮಗನನ್ನು ಬೆನ್ನ ಮೇಲೆ ಹೊತ್ತುಕೊಂಡು ಮೈದಾನದಿಂದ ಹೊರಗೆ ನಡೆಯುತ್ತಾನೆ. ಒಂದೇ ಕಥೆ, ಆದರೆ ಒಂದು ಕಡೆ ಅಪ್ಪನಿಗೆ ಕ್ಷಮೆ ಇಲ್ಲ, ಇನ್ನೊಂದು ಕಡೆ ಇದೆ. ನನಗೆ ಮಾಂಗಾದ ಕೊನೆಯೇ ಹೆಚ್ಚು ನಿಜ ಅನ್ನಿಸುತ್ತದೆ.

ಅನಿಮೆ ಬಂದದ್ದು 1968ರಲ್ಲಿ. ಯೊಮಿಯುರಿ ಟಿವಿಯಲ್ಲಿ ಮೂರೂವರೆ ವರ್ಷ, 182 ಕಂತು. ಮಾಡಿದ್ದು ಟೋಕಿಯೊ ಮೂವಿ, ನಿರ್ದೇಶಕ ನಾಗಾಹಾಮಾ ತಾದಾವೊ. ಹ್ಯೂಮಾಗೆ ದನಿ ಕೊಟ್ಟ ಫುರುಯಾ ತೋರು ಆಗಿನ್ನೂ ಶಾಲೆಗೆ ಹೋಗುವ ಹುಡುಗ. ಮುಂದೆ 'ಗಂಡಮ್' ಅನ್ನೋ ರೋಬಾಟ್ ಅನಿಮೆಯ ಅಮುರೊ ಆಗಿ ಹೆಸರು ಮಾಡಿದವನು ಇವನೇ.

ಟಿವಿಗೆ ಒಂದು ಕಷ್ಟ ಇತ್ತು. ಮಾಂಗಾ ವಾರವಾರ ನಿಧಾನಕ್ಕೆ ಬರುತ್ತಿತ್ತು, ಅನಿಮೆ ಅದನ್ನು ದಾಟಿ ಹೋಗುವ ಹಾಗಿರಲಿಲ್ಲ. ಹಾಗಾಗಿ ಕಥೆಯನ್ನು ಎಳೆದರು. ಹ್ಯೂಮಾ ಕಾಲೆತ್ತಿದ ಅಂದರೆ ಚೆಂಡು ಬ್ಯಾಟರ್ ಹತ್ತಿರ ತಲುಪುವುದರೊಳಗೆ ಹಳೆಯ ನೆನಪು, ಗೆಳೆಯನ ಗಾಬರಿ, ಅಕ್ಕನ ಪ್ರಾರ್ಥನೆ ಎಲ್ಲ ಬಂದು ಹೋಗುತ್ತಿತ್ತು. ಕಣ್ಣಲ್ಲಿ ನಿಜವಾಗಿಯೂ ಬೆಂಕಿ ಉರಿಯುತ್ತಿತ್ತು. ಕ್ರೀಡೆಯ ಅನಿಮೆ ಅಂದರೆ ಒಂದು ಎಸೆತಕ್ಕೆ ಇಡೀ ಕಂತು ಅಂತ ನಾವು ಇವತ್ತಿಗೂ ಮಾತಾಡಿಕೊಳ್ಳುವ ಚಾಳಿ ಗಟ್ಟಿಯಾಗಿ ಬೇರೂರಿದ್ದು ಈ ಧಾರಾವಾಹಿಯಲ್ಲಿ.

ಟಿವಿ ಜನರ ನೆನಪನ್ನೂ ತಿದ್ದಿತು. ಸಿಟ್ಟು ಬಂದರೆ ಊಟದ ಮಣೆಯನ್ನೇ ಬುಡಮೇಲು ಮಾಡುವ ಅಪ್ಪ ಅಂತಲೇ ಜಪಾನಿನಲ್ಲಿ ಇಟ್ಟೆತ್ಸುವನ್ನು ನೆನೆಯುತ್ತಾರೆ. ಕಥೆಯಲ್ಲಿ ಅಂಥ ಸಂದರ್ಭ ತುಂಬಾ ಕಮ್ಮಿ. ಆದರೆ ಅನಿಮೆಯ ಮುಕ್ತಾಯದ ಹಾಡಿನ ಜೊತೆ ಆ ದೃಶ್ಯ ಪ್ರತಿ ವಾರ ಬರುತ್ತಿತ್ತು. ನೋಡಿ ನೋಡಿ ಅದು ತಲೆಯಲ್ಲಿ ಕೂತುಬಿಟ್ಟಿತು. 2009ರಲ್ಲಿ ಟೈಟೊ ಕಂಪನಿ ಮಣೆ ಮಗುಚುವುದನ್ನೇ ಒಂದು ಆರ್ಕೇಡ್ ಗೇಮ್ ಮಾಡಿತು ಅಂದರೆ ಆ ಭಂಗಿ ಎಷ್ಟು ಮನೆಮಾತಾಗಿತ್ತು ಅಂತ ಲೆಕ್ಕ ಹಾಕಿ.

ಕಾಜಿವಾರಾ ಈ ನಡುವೆ ಬೇರೆ ಹೆಸರಿನಲ್ಲಿ, ಚಿಬಾ ತೆತ್ಸುಯಾ ಜೊತೆ, 'ಅಶಿತಾ ನೊ ಜೋ' ಅನ್ನೋ ಬಾಕ್ಸಿಂಗ್ ಮಾಂಗಾವನ್ನೂ ಬರೆಯುತ್ತಿದ್ದರು. ಅದರಲ್ಲಿ ರಿಕಿಇಶಿ ಅನ್ನೋ ಪಾತ್ರ ಸತ್ತಾಗ 1970ರ ಮಾರ್ಚ್‌ನಲ್ಲಿ ಕೊದಾನ್ಷಾ ಕಟ್ಟಡದಲ್ಲೇ ನಿಜವಾದ ಶ್ರದ್ಧಾಂಜಲಿ ಸಭೆ ನಡೆಯಿತು. ನೂರಾರು ಜನ ಬಂದಿದ್ದರು. ಬರೀ ಗೆರೆಗಳಲ್ಲಿ ಬದುಕಿದ್ದ ಒಬ್ಬ ಬಾಕ್ಸರ್‌ಗಾಗಿ!

ಇದನ್ನೆಲ್ಲ ಬರೀ ಶ್ರಮದ ಸ್ತುತಿ ಅಂದುಕೊಂಡರೆ ತಪ್ಪಾಗುತ್ತದೆ. ಹ್ಯೂಮಾನ ಕಥೆಯ ನಡುವೆ ಆರ್ಮ್‌ಸ್ಟ್ರಾಂಗ್ ಓಜ್ಮಾ ಅನ್ನೋ ಅಮೆರಿಕನ್ ಆಟಗಾರ ಬರುತ್ತಾನೆ. ನೀನು ಬೇಸ್‌ಬಾಲಿಗಾಗಿ ಮಾಡಿದ ಗೊಂಬೆ ಅಂತ ಹ್ಯೂಮಾಗೆ ಮುಖದ ಮೇಲೆ ಹೇಳುತ್ತಾನೆ. ಹ್ಯೂಮಾ ಒಳಗೊಳಗೇ ಕುಸಿಯುತ್ತಾನೆ. ಎಲ್ಲರ ಹಾಗೆ ಬದುಕಿ ನೋಡೋಣ ಅಂತ ಕ್ರಿಸ್‌ಮಸ್ ಪಾರ್ಟಿ ಇಟ್ಟುಕೊಳ್ಳುತ್ತಾನೆ, ಕರೆದವರಲ್ಲಿ ಒಬ್ಬರೂ ಬರುವುದಿಲ್ಲ. ಅಲಂಕರಿಸಿದ ಕೋಣೆಯಲ್ಲಿ ಒಬ್ಬನೇ ಕೂತು ಕೊನೆಗೆ ಎಲ್ಲವನ್ನೂ ಒಡೆದು ಹಾಕುತ್ತಾನೆ. ಗೆಲ್ಲುವುದು ಬಿಟ್ಟು ಬೇರೇನೂ ಕಲಿಯದ ಹುಡುಗನ ಗತಿ ಏನು ಅಂತ ಈ ಕಥೆ ತಾನೇ ಕೇಳಿಕೊಂಡಿತ್ತು.

ಆ ಪ್ರಶ್ನೆ ಮುಂದಿನ ಭಾಗದಲ್ಲಿ ಇನ್ನೂ ಹರಿತವಾಯಿತು. 'ಶಿನ್ ಕ್ಯೊಜಿನ್ ನೊ ಹೊಷಿ' 1976ರಲ್ಲಿ ದೊಡ್ಡವರು ಓದುವ 'ಶೂಕಾನ್ ಯೊಮಿಯುರಿ' ವಾರಪತ್ರಿಕೆಯಲ್ಲಿ ಶುರುವಾಯಿತು. ಹಳೆಯ ಓದುಗರು ಅಷ್ಟರಲ್ಲಿ ಆಫೀಸಿಗೆ ಹೋಗುವವರಾಗಿದ್ದರು. ಅದರಲ್ಲಿ ಒಂದು ಗುಟ್ಟು ಹೊರಬೀಳುತ್ತದೆ: ಹ್ಯೂಮಾ ಹುಟ್ಟಿನಿಂದ ಬಲಗೈಯವನು. ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವ, ಆಗಲಿ ಅಂತ ಅಪ್ಪನೇ ಬದಲಿಸಿದ್ದ. ಅವನು ಬಲಗೈಯಲ್ಲಿ ಮತ್ತೆ ಆಡಲು ಬರುತ್ತಾನೆ. ಇದರ ಅನಿಮೆಯೂ 1977ರಲ್ಲಿ ಬಂತು.

ಆಮೇಲೆ ರುಚಿ ಬದಲಾಯಿತು. 'ಟಚ್', 'ಕ್ಯಾಪ್ಟನ್ ತ್ಸುಬಾಸಾ' ಮಾಂಗಾಗಳು 1981ರಲ್ಲಿ ಬಂದವು. ಅಲ್ಲಿ ಆಟ ಅಂದರೆ ಖುಷಿ, ಗೆಳೆತನ, ಮೊದಲ ಪ್ರೀತಿ. ಬೆಂಕಿ ಕಣ್ಣು, ಸ್ಪ್ರಿಂಗ್ ಕವಚ ಎಲ್ಲ ತಮಾಷೆಗೆ ಬಳಸುವ ಸರಕಾದವು. ಆದರೂ ಕಥೆ ಸಾಯಲಿಲ್ಲ. ಹ್ಯೂಮಾನ ಶ್ರೀಮಂತ ಎದುರಾಳಿ ಹನಾಗಟಾನ ಕಡೆಯಿಂದ ಎಲ್ಲವನ್ನೂ ಮತ್ತೆ ಹೇಳುವ ಮಾಂಗಾ 2006ರಿಂದ 2011ರವರೆಗೆ ಅದೇ ಶೋನೆನ್ ಮ್ಯಾಗಜೀನ್‌ನಲ್ಲಿ ನಡೆಯಿತು.

ಅದಾದ ಮರುವರ್ಷವೇ ಸೂರಜ್. ಕೊದಾನ್ಷಾ ಜೊತೆ ಇದನ್ನು ಮಾಡಿದ್ದು ಟಿಎಂಎಸ್, ಅಂದರೆ ಹೆಸರು ಬದಲಿಸಿಕೊಂಡ ಅದೇ ಹಳೆಯ ಟೋಕಿಯೊ ಮೂವಿ. ಸುಝುಕಿಯಂಥ ಜಪಾನಿ ಕಂಪನಿಗಳು ದುಡ್ಡು ಹಾಕಿದವು. ಭಾರತದ ಮಾರುಕಟ್ಟೆಗೆ ಅದೊಂದು ಬಾಗಿಲು ಅನ್ನೋ ಲೆಕ್ಕ ಇತ್ತು. ಲೆಕ್ಕ ತಪ್ಪೇನಲ್ಲ. ದುಡಿದು ಮೇಲೆ ಬರುವ ಆಸೆ, ಇಡೀ ಊರು ಒಂದೇ ಆಟಕ್ಕೆ ಮರುಳಾಗುವುದು, 60ರ ದಶಕದ ಟೋಕಿಯೊದಲ್ಲಿ ಇದ್ದದ್ದು ನಮ್ಮಲ್ಲೂ ಇದೆ. ಬೆಳಗಾಗುವ ಮುಂಚೆ ಮಗನನ್ನು ಎಬ್ಬಿಸಿ, ಕಿಟ್ ಬ್ಯಾಗ್ ಸ್ಕೂಟರಿಗೆ ಕಟ್ಟಿ ಕೋಚಿಂಗ್‌ಗೆ ಬಿಡುವ ಅಪ್ಪಂದಿರು ಬೆಂಗಳೂರಲ್ಲೂ ಇದ್ದಾರೆ, ಹುಬ್ಬಳ್ಳಿಯಲ್ಲೂ ಇದ್ದಾರೆ.

ಆದರೆ ಸ್ಪ್ರಿಂಗ್ ಬರಲಿಲ್ಲ. ಮಗುವಿನ ಮೈಗೆ ಉಕ್ಕು ಕಟ್ಟುವುದು ಹಿಂಸೆಯ ಥರ ಕಾಣುತ್ತದೆ ಅಂತ ಅದರ ಜಾಗಕ್ಕೆ ಸೈಕಲ್ ಟ್ಯೂಬ್ ಬಂತು. ಇದು ಜಾಣತನದ ಬದಲಾವಣೆ, ಒಪ್ಪುತ್ತೇನೆ. ಬಡ ಮನೆಯಲ್ಲಿ ಕೈಗೆ ಸಿಗುವುದೂ ಟ್ಯೂಬೇ. ಟಿವಿಯಲ್ಲಿ ಮಕ್ಕಳ ಎದುರು ಏನು ತೋರಿಸಬಹುದು ಅನ್ನೋ ಎಚ್ಚರವೂ ಬೇಕು. ಆದರೂ ನನಗೆ ಅಲ್ಲಿ ಏನೋ ಸಡಿಲವಾಯಿತು ಅನ್ನಿಸುತ್ತದೆ. ಅಪ್ಪನ ಕ್ರೌರ್ಯ ಮೈಮೇಲೆ ಕಂಡರೆ ತಾನೇ, ಇದು ಪ್ರೀತಿಯೋ ಹಿಂಸೆಯೋ ಅಂತ ನೋಡುವವರು ಕೇಳುವುದು? ಸೂರಜ್ 26 ಕಂತಿನ ಧಾರಾವಾಹಿ. ಹ್ಯೂಮಾ ತಾನು ಬರೀ ಗೊಂಬೆಯೇ ಅಂತ ಕೇಳಿಕೊಳ್ಳುವ ಹಂತಕ್ಕೆ ಬರಲು ಎಷ್ಟೋ ವಾರಗಳ ಕಥೆ ಬೇಕಾಗಿತ್ತು. ನಮ್ಮ ಕ್ರಿಕೆಟ್ ಮನೆಗಳಲ್ಲಿ ಜೋರಾಗಿ ಕೇಳಬೇಕಾದ ಪ್ರಶ್ನೆ ಅದೇ. ಈ ಕಥೆಯನ್ನು ಯಾರಾದರೂ ಮತ್ತೆ ಭಾರತಕ್ಕೆ ತಂದರೆ, ಕಂತು ಜಾಸ್ತಿಯಾದರೂ ಪರವಾಗಿಲ್ಲ, ಯಾರೂ ಬಾರದ ಆ ಕ್ರಿಸ್‌ಮಸ್ ಪಾರ್ಟಿಯನ್ನು ಮಾತ್ರ ಬಿಡಬಾರದು.