ಚಿಕನ್ ಬಿಡಿಸಿದರೂ ನಾಯಿಯ ತುರಿಕೆ ಯಾಕೆ ನಿಂತಿಲ್ಲ?

ಪ್ರಶ್ನೆ: ನಮ್ಮ ನಾಲ್ಕು ವರ್ಷದ ನಾಯಿ ವರ್ಷವಿಡೀ ಪಾದ ನೆಕ್ಕುತ್ತದೆ, ಕಿವಿ ಕೆರೆದುಕೊಳ್ಳುತ್ತದೆ. ಚಿಕನ್ ಬಿಡಿಸಿ ಬರೀ ಮೊಸರನ್ನ ಹಾಕುತ್ತಿದ್ದೇವೆ. ಹತ್ತು ದಿನವಾದರೂ ಕಡಿಮೆಯಾಗಿಲ್ಲ. ಗ್ರೇನ್-ಫ್ರೀ (ಧಾನ್ಯವಿಲ್ಲದ) ಆಹಾರ ಕೊಡೋಣವೇ?

ಉತ್ತರ: ಹತ್ತು ದಿನದಲ್ಲಿ ಏನೂ ಗೊತ್ತಾಗದು. ಒಗ್ಗದ ಪದಾರ್ಥ ನಿಲ್ಲಿಸಿದ ಮೇಲೂ ಚರ್ಮ ತಣ್ಣಗಾಗಲು ವಾರಗಟ್ಟಲೆ ಬೇಕು. ಅದಕ್ಕೇ ಪಥ್ಯದ ಪರೀಕ್ಷೆ, ಅಂದರೆ ಹಳೆಯ ಊಟ ಬಿಡಿಸಿ ಹೊಸದನ್ನಷ್ಟೇ ಕೊಟ್ಟು ನೋಡುವುದು, 8 ವಾರ ನಡೆಯುತ್ತದೆ. ಇನ್ನೊಂದು ಎಡವಟ್ಟು, ಚಿಕನ್ ಹೋದ ಜಾಗಕ್ಕೆ ಮೊಸರು ಬಂದಿದೆ. ನಾಯಿಗಳಿಗೆ ಹೆಚ್ಚಾಗಿ ಅಲರ್ಜಿ ತರುವವು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ ಮತ್ತು ಗೋಧಿ. ಹಾಲು ಹೆಪ್ಪಾದಾಗ ಅದರಲ್ಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕಡಿಮೆಯಾಗುತ್ತದೆ, ಹಾಗಾಗಿ ಭೇದಿಯ ಕಾಟ ತಗ್ಗಬಹುದು. ಅಲರ್ಜಿ ತರುವ ಪ್ರೋಟೀನು ಮಾತ್ರ ಮೊಸರಲ್ಲೂ ಇದ್ದೇ ಇರುತ್ತದೆ.

ಅನ್ನದ ಮೇಲೆ ಸುಮ್ಮನೆ ತಪ್ಪು ಹೊರಿಸಬೇಡಿ. ಅಕ್ಕಿಯ ಅಲರ್ಜಿ ಕಡಿಮೆ. ಗ್ರೇನ್-ಫ್ರೀ ಚೀಲದಲ್ಲಿ ಧಾನ್ಯದ ಬದಲು ಬಟಾಣಿ, ಬೇಳೆ ಇರುತ್ತವೆ, ಮಾಂಸ ಎಷ್ಟೋ ಸಲ ಅದೇ ಕೋಳಿ! ಇಂಥ ಆಹಾರಕ್ಕೂ ನಾಯಿಯ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ವಿಚಾರಣೆ ಶುರುಮಾಡಿತು. ನಂಟು ಸಾಬೀತಾಗಿಲ್ಲ, ಆದರೆ ತುರಿಕೆಗೆಂದು ಆ ದಾರಿ ಹಿಡಿಯಲು ಕಾರಣವೂ ಇಲ್ಲ.

ಮೊದಲು ಪಶುವೈದ್ಯರಿಂದ ಚಿಗಟ, ಉಣ್ಣೆ, ಕಜ್ಜಿಹುಳ, ಕಿವಿಯ ಸೋಂಕು ನೋಡಿಸಿ. ರಕ್ತ, ಕೂದಲು, ಜೊಲ್ಲಿನ ‘ಫುಡ್ ಅಲರ್ಜಿ ಟೆಸ್ಟ್’ಗೆ ದುಡ್ಡು ಸುರಿಯಬೇಡಿ, ಫಲಿತಾಂಶ ನಂಬುವಂತಿರುವುದಿಲ್ಲ.

ಆಮೇಲೆ ಪಥ್ಯ. ನಾಯಿ ಈವರೆಗೆ ತಿನ್ನದ ಒಂದೇ ಮಾಂಸ, ಜೊತೆಗೆ ಒಂದೇ ಪಿಷ್ಟ. ಹಂದಿಮಾಂಸ ಹೊಸದಾಗಿದ್ದರೆ ಅದು ಮತ್ತು ಸಿಹಿಗೆಣಸು ಆಗುತ್ತದೆ. 10 ಕೆಜಿ ತೂಗುವ ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕಿಲೊಕ್ಯಾಲರಿ ಬೇಕು. ಅಂದರೆ ಕೊಬ್ಬು ತೆಗೆದು ಪೂರ್ತಿ ಬೇಯಿಸಿದ ಮಾಂಸ 150 ಗ್ರಾಂ, ಬೇಯಿಸಿದ ಗೆಣಸು 350 ಗ್ರಾಂ, ಒಂದು ಟೀ ಚಮಚ ಎಣ್ಣೆ, ಎರಡು ಹೊತ್ತಿಗೆ ಹಂಚಿ. ಉಪ್ಪು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ, ಮೂಳೆ ಬೇಡ. ಒಂದು ವಾರದಲ್ಲಿ ಹಂತಹಂತವಾಗಿ ಹಳೆಯ ಊಟದಿಂದ ಇದಕ್ಕೆ ಬನ್ನಿ, 8 ವಾರದ ಲೆಕ್ಕ ಆಮೇಲಿನದು. ವಾರಕ್ಕೊಮ್ಮೆ ತೂಕ ನೋಡಿ ಅಳತೆ ತಿದ್ದಿ. ಕ್ಯಾಲ್ಸಿಯಂ ಸಾಲದ ಈ ಊಟ ಪರೀಕ್ಷೆಯ ಅವಧಿಗಷ್ಟೇ. ಮರಿಗಳಿಗಂತೂ ಬೇಡವೇ ಬೇಡ, ಅವಕ್ಕೆ ವೈದ್ಯರು ಬರೆಯುವ ಹೈಡ್ರೊಲೈಸ್ಡ್ (ಪ್ರೋಟೀನನ್ನು ಚಿಕ್ಕ ಚೂರುಗಳಾಗಿ ಒಡೆದ) ಆಹಾರ ಸರಿ.

ಪಥ್ಯ ಕೆಡುವುದು ಬಟ್ಟಲಲ್ಲಲ್ಲ, ಬಟ್ಟಲಿನಾಚೆ. ಅಜ್ಜಿ ಕೊಡುವ ಬಿಸ್ಕತ್ತಿನಲ್ಲಿ ಗೋಧಿಯೂ ಹಾಲೂ ಇವೆ. ಮಗು ಬೀಳಿಸಿದ ಚಪಾತಿ, ಕೋಳಿ ಸಾರಿನ ಸೌಟು ಸಾಕು. ‘ಲ್ಯಾಂಬ್’ ಎಂದು ಬರೆದ ಚೀಲದ ಹಿಂಬದಿಯಲ್ಲಿ ಕೋಳಿ ಕೊಬ್ಬು ಇರಬಹುದು. ಉಣ್ಣೆಗೆ ಕೊಡುವ ಅಗಿಯುವ ಮಾತ್ರೆಯಲ್ಲೂ ಮಾಂಸದ ರುಚಿ ಸೇರಿರುತ್ತದೆ. ಔಷಧಿ ನಿಲ್ಲಿಸದೆ, ಬೆನ್ನಿಗೆ ಹನಿಸುವಂಥದ್ದನ್ನು ವೈದ್ಯರಲ್ಲಿ ಕೇಳಿ. ಬಹುಮಾನಕ್ಕೆ ಅದೇ ಗೆಣಸಿನ ತುಂಡು.

ತುರಿಕೆ ಇಳಿದರೂ ಕೆಲಸ ಅರ್ಧವೇ. ಅದೇ ಪಥ್ಯದ ಜೊತೆಗೆ ಚಿಕನ್ ಒಂದನ್ನೇ ಎರಡು ವಾರದವರೆಗೆ ಮತ್ತೆ ಕೊಟ್ಟು ನೋಡಿ. ಕೆರೆತ ಮರಳಿ, ನಿಲ್ಲಿಸಿದ ಮೇಲೆ ಇಳಿದರೆ ಚಿಕನ್ನೇ ಕಾರಣ. ಮರಳದಿದ್ದರೆ ಮುಂದಿನ ಸರದಿ ಮೊಸರಿನದು.