650 ಪದ ಅಂದ್ರೆ 650 ಪದನೇ: ಅಪ್ಲಿಕೇಶನ್ ಎಸ್ಸೇ ಬರೆಯೋರಿಗೆ ನೋಟ್ಸ್

ಹೊರದೇಶದ ಕಾಲೇಜಿಗೆ ಅಪ್ಲೈ ಮಾಡ್ತಿರೋರಿಗೆ ಈ ನೋಟ್ಸ್. ಮೊದ್ಲು ಲೆಕ್ಕ ಹೇಳ್ಬಿಡ್ತೀನಿ. ಒಂದೇ ಫಾರಂನಲ್ಲಿ ತುಂಬಾ ಕಾಲೇಜುಗಳಿಗೆ ಅಪ್ಲೈ ಮಾಡೋ ಅಮೆರಿಕದ ಕಾಮನ್ ಆ್ಯಪ್‌ನಲ್ಲಿ ಮೇನ್ ಎಸ್ಸೇಗೆ ಕಮ್ಮಿ ಅಂದ್ರೆ 250 ಪದ, ಜಾಸ್ತಿ ಅಂದ್ರೆ 650. ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅಪ್ಲಿಕೇಶನ್ನೇ ಬೇರೆ, 8 ಪ್ರಶ್ನೆ ಕೊಟ್ಟಿರ್ತಾರೆ, ಅದ್ರಲ್ಲಿ 4 ಆರಿಸ್ಕೊಂಡು ಒಂದೊಂದಕ್ಕೂ 350 ಪದದ ಒಳಗೆ ಬರೀಬೇಕು. ಬ್ರಿಟನ್‌ಗೆ ಹೋಗೋರಿಗೆ ಯೂಕ್ಯಾಸ್ (ಅಲ್ಲಿನ ಕಾಲೇಜುಗಳಿಗೆ ಒಂದೇ ಕಡೆ ಅಪ್ಲೈ ಮಾಡೋ ವ್ಯವಸ್ಥೆ), ಅಲ್ಲಿ ನಮ್ಮ ಬಗ್ಗೆ ಬರೆಯೋ ಪರ್ಸನಲ್ ಸ್ಟೇಟ್‌ಮೆಂಟಿಗೆ ಪದ ಅಲ್ಲ ಅಕ್ಷರದ ಲೆಕ್ಕ, ಸ್ಪೇಸ್ ಎಲ್ಲಾ ಸೇರಿ 4000. 2026ರ ಅಡ್ಮಿಶನ್‌ನಿಂದ ಅದನ್ನ ಮೂರು ಪ್ರಶ್ನೆ ಮಾಡಿದ್ದಾರೆ, ಒಂದೊಂದಕ್ಕೂ ಕನಿಷ್ಠ 350 ಅಕ್ಷರ ಇರ್ಲೇಬೇಕು, ಒಟ್ಟು ಮಿತಿ ಮಾತ್ರ ಅದೇ 4000.

"ಹತ್ತು ಪರ್ಸೆಂಟ್ ಜಾಸ್ತಿ ಆದ್ರೆ ಏನೂ ಆಗಲ್ಲ" ಅಂತ ತುಂಬಾ ಜನ ಹೇಳ್ತಾರೆ, ದಯವಿಟ್ಟು ನಂಬ್ಬೇಡಿ. ಅದು ಕೆಲವು ಕಡೆ ಕಾಲೇಜ್ ಅಸೈನ್‌ಮೆಂಟಿಗೆ ಇರೋ ರೂಲು. ಇಲ್ಲಿ 651ನೇ ಪದ ಇದ್ರೆ ಫಾರಮ್ಮೇ ಮುಂದಕ್ಕೆ ಬಿಡಲ್ಲ. ಪಿಡಿಎಫ್ ಅಪ್‌ಲೋಡ್ ಮಾಡೋ ಕಡೆ ತಡೆಯೋ ಮಿಷನ್ ಇಲ್ದೇ ಇರ್ಬೋದು, ಆದ್ರೆ ಓದೋರ ಮುಂದೆ ಫೈಲುಗಳ ರಾಶಿನೇ ಇರತ್ತೆ, ಎಲ್ಲರೂ ಒಂದೇ ಅಳತೇಲಿ ಬರೆದಿರೋವಾಗ ನಾವೊಬ್ರು ಒಂದು ಪುಟ ಎಕ್ಸ್‌ಟ್ರಾ ತಗೊಂಡ್ರೆ ಅದು ನ್ಯಾಯ ಅಲ್ಲ ಅಂತಲೇ ನನ್ನ ಅಭಿಪ್ರಾಯ. ಹಾಗಂತ 650 ಮುಟ್ಲೇಬೇಕು ಅಂತಾನೂ ಇಲ್ಲ. 580ಕ್ಕೆ ವಿಷಯ ಮುಗಿದ್ರೆ ಅಲ್ಲೇ ನಿಲ್ಸಿ.

ಈಗ ಕತ್ತರಿಸೋ ವಿಷಯ, ಎಲ್ಲರೂ ಒದ್ದಾಡೋದು ಇಲ್ಲೇ. ನನ್ನ ಮೊದಲ ಡ್ರಾಫ್ಟ್ 912 ಪದ ಇತ್ತು. ತೊದಲೋ ನನ್ನ ತಮ್ಮನ ಜೊತೆ ಕೂತು ದಿನಾ ಗಟ್ಟಿಯಾಗಿ ಓದಿಸ್ತಿದ್ದ ಬಗ್ಗೆ ಬರೆದಿದ್ದೆ. ಮೊದಲು ನಾನು ಒಂದೊಂದೇ ಪದ ಹುಡುಕಿ ಕಿತ್ತು ಹಾಕ್ತಾ ಕೂತೆ, ಎರಡು ಸಂಜೆ ಕೂತ್ರೂ ಬರೀ 60 ಪದ ಹೋಯ್ತು, ಅದೂ ಹೋಗ್ಬಾರ್ದ ಕಡೆಯಿಂದ. ತಮ್ಮ 'ಪ' ಅಕ್ಷರ ಬಂದಾಗೆಲ್ಲಾ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕ್ತಿದ್ದ ಅನ್ನೋ ಸಾಲೇ ಹಾರಿಹೋಗಿತ್ತು. ಉಳಿದಿದ್ದು ಏನು ಅಂದ್ರೆ, ಮನುಷ್ಯರಿಗೆ ಮಾತು ಎಷ್ಟು ಮುಖ್ಯ ಅನ್ನೋ 130 ಪದದ ಪೀಠಿಕೆ! ಅದನ್ನ ಯಾರು ಬೇಕಾದ್ರೂ ಬರೀಬೋದಿತ್ತು, ಆದ್ರೆ ಮೇಜು ತಟ್ಟೋ ಬೆರಳನ್ನ ನೋಡಿದ್ದು ನಾನೊಬ್ಬಳೇ ಅಲ್ವಾ.

ಅದಕ್ಕೇ ಹಳೇ ಡ್ರಾಫ್ಟ್ ವಾಪಸ್ ತೆಗೆದು ಉಲ್ಟಾ ಶುರು ಮಾಡಿದೆ. ಪೀಠಿಕೆ ಪೂರ್ತಿ ತೆಗೆದೆ, 782 ಆಯ್ತು. ಡಿಬೇಟ್ ಕ್ಲಬ್ ಬಗ್ಗೆ 115 ಪದದ ಪ್ಯಾರಾ ಇತ್ತು, ಅದು ಆ್ಯಕ್ಟಿವಿಟಿ ಪಟ್ಟೀಲಿ (ಫಾರಂನಲ್ಲಿ ಓದಿನ ಹೊರಗೆ ಮಾಡಿದ್ದನ್ನ ಹಾಕೋ ಜಾಗ) ಆಗ್ಲೇ ಇದೆ ಅಂತ ಅದನ್ನೂ ತೆಗೆದೆ, 667. ಆಮೇಲೆ ಸಣ್ಣ ಪದಗಳಿಗೆ ಕೈ ಹಾಕಿದೆ. 'ಡ್ಯೂ ಟು ದ ಫ್ಯಾಕ್ಟ್ ದಟ್' ಐದು ಪದ, 'ಬಿಕಾಸ್' ಒಂದೇ. 'ಇನ್ ಆರ್ಡರ್ ಟು' ಬದ್ಲು 'ಟು' ಸಾಕು. 'ಐ ಹ್ಯಾವ್ ಆಲ್ವೇಸ್ ಬೀನ್ ಪ್ಯಾಶನೇಟ್ ಅಬೌಟ್' ಅಂತ ಆರು ಪದ ಇದ್ರೆ ಆರನ್ನೂ ತೆಗೀರಿ, ಇಷ್ಟ ಇದೆ ಅನ್ನೋದು ಮಾಡಿರೋ ಕೆಲಸದಲ್ಲೇ ಕಾಣ್ಸತ್ತೆ. ಹೀಗೆ 629ಕ್ಕೆ ಬಂತು. ಜಾಗ ಉಳೀತಲ್ಲ, ಹಾಗಾಗಿ ತಾಳದ ಸಾಲು ಹಾಗೇ ಉಳ್ಕೊಳ್ತು, ಜೊತೆಗೆ ಇನ್ನೊಂದು ಸಾಲೂ ಸೇರಿಸಿದೆ, ಒಂದಿನ ಪಾಠ ಮುಗಿದ್ರೂ ಅವನು ಪುಸ್ತಕ ಮುಚ್ಚದೇ ತಾನಾಗೇ ಮುಂದಿನ ಪುಟ ತಿರುಗಿಸಿದ್ದು. ಇಡೀ ಎಸ್ಸೇಲಿ ನಂಗೆ ಅದೇ ಸಾಲು ಇಷ್ಟ.

ಆ್ಯಕ್ಟಿವಿಟಿ ಪಟ್ಟಿ ಇನ್ನೂ ಬಿಗಿ. ಕಾಮನ್ ಆ್ಯಪ್‌ನಲ್ಲಿ 10 ಆ್ಯಕ್ಟಿವಿಟಿ ತನಕ ಹಾಕ್ಬೋದು, ಒಂದೊಂದರ ವಿವರಣೆಗೆ 150 ಅಕ್ಷರ, ಪದ ಅಲ್ಲ, ಅಕ್ಷರ! ಇಲ್ಲಿ ಪೂರ್ತಿ ವಾಕ್ಯನೇ ಬೇಡ. 'ಐ ವಾಸ್ ರೆಸ್ಪಾನ್ಸಿಬಲ್ ಫಾರ್ ಟೀಚಿಂಗ್' ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಸ್ಪೇಸ್ ಸೇರಿ 30 ಅಕ್ಷರ ಹೋಗತ್ತೆ, 'ಟಾಟ್' ಅಂದ್ರೆ 6ರಲ್ಲಿ ಕೆಲಸ ಮುಗೀತು, ಉಳಿದ 24ರಲ್ಲಿ ಎಷ್ಟು ಮಕ್ಕಳಿಗೆ, ವಾರಕ್ಕೆ ಎಷ್ಟು ಸಲ ಅಂತ ಹಾಕ್ಬೋದು. ಸ್ಟ್ಯಾನ್‌ಫರ್ಡ್ ಕೇಳೋ ಥರದ 50 ಪದದ ಉತ್ತರಗಳಲ್ಲಿ ಪ್ರಶ್ನೇನೇ ತಿರುಗಿ ಬರೀಬೇಡಿ, ಅದಕ್ಕೇ 12 ಪದ ಹೋದ್ರೆ ಉತ್ತರಕ್ಕೆ ಉಳಿಯೋದೇ 38.

ಎಣಿಕೆ ಬಗ್ಗೆ ಒಂದು ಎಚ್ಚರಿಕೆ. ಹೈಫನ್ ಹಾಕಿ ಮೂರು ಪದ ಜೋಡಿಸಿದ್ರೆ ಮೈಕ್ರೋಸಾಫ್ಟ್ ವರ್ಡ್ ಅದನ್ನ ಒಂದು ಅಂತ ಎಣಿಸತ್ತೆ, ನೀವು ಪೇಸ್ಟ್ ಮಾಡೋ ಫಾರಂ ಬೇರೆ ಥರ ಎಣಿಸ್ಬೋದು, ಹಾಗಾಗಿ ಅಂಚಿನ ತನಕ ಹೋಗದೇ ಐದಾರು ಪದ ಬಿಟ್ಟಿರಿ. ಪೇಸ್ಟ್ ಮಾಡಿದ ಮೇಲೆ ಪ್ರಿವ್ಯೂ ತೆಗೆದು ಕೊನೇ ಸಾಲು ಪೂರ್ತಿ ಬಂದಿದ್ಯಾ, ಪ್ಯಾರಾಗಳು ಒಂದಕ್ಕೊಂದು ಅಂಟ್ಕೊಂಡಿಲ್ವಾ ನೋಡಿ. ಇದನ್ನ ಕೊನೇ ದಿನ ರಾತ್ರಿ ಮಾಡ್ಬೇಡಿ, 20 ಪದ ತೆಗೀಬೇಕು ಅಂತ ಆಗ ಗೊತ್ತಾದ್ರೆ ಕೈ ಮೊದ್ಲು ಹೋಗೋದು ಆ ತಾಳದ ಸಾಲಿನಂಥದ್ದರ ಮೇಲೇ.