ಒಂದಂಚಿನ ರೇಜರು, ಎರಡಂಚಿನ ರೇಜರು: ಕೆನ್ನೆಯ ಲೆಕ್ಕ

ಎರಡಂಚಿನ ಬ್ಲೇಡಿನ ದಪ್ಪ 0.1 ಮಿಲಿಮೀಟರ್. ಒರಟು ಗಡ್ಡದ ಒಂದು ಕೂದಲೂ ಸರಿಸುಮಾರು ಅಷ್ಟೇ ದಪ್ಪ. ಈ ಬ್ಲೇಡನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿದರೆ ಬಿಲ್ಲಿನಂತೆ ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಒಂದಂಚಿನ ರೇಜರಿನ ಬ್ಲೇಡುಗಳ ಜಾತಿಯೇ ಬೇರೆ. ಬೆನ್ನಿಗೆ ತಗಡಿನ ಪಟ್ಟಿ ಮಡಿಸಿರುವ ಜೆಮ್ ಮಾದರಿಯದು ಸುಮಾರು 0.23 ಮಿ.ಮೀ. ದಪ್ಪ, ಕ್ಷೌರಿಕರ ಕತ್ತಿಗೂ ಹಾಕುವ ಆರ್ಟಿಸ್ಟ್ ಕ್ಲಬ್ ಮಾದರಿ ಮತ್ತು ಡಬ್ಬಿಯಿಂದ ನೇರ ರೇಜರಿನೊಳಗೆ ತಳ್ಳುವ ಇಂಜೆಕ್ಟರ್ ಮಾದರಿಯವು ಸುಮಾರು 0.25 ಮಿ.ಮೀ. ಬೆರಳಿನ ಒತ್ತಡಕ್ಕೆ ಇವು ಸುಲಭಕ್ಕೆ ಮಣಿಯುವುದಿಲ್ಲ.

ಯಾವ ರೇಜರು ಹಿತ ಎಂಬ ಚರ್ಚೆ ಅಂಚು ಒಂದೋ ಎರಡೋ ಎಂಬಲ್ಲೇ ಗಿರಕಿ ಹೊಡೆಯುತ್ತದೆ. ಆದರೆ ಕೆನ್ನೆಯ ಮೇಲೆ ಎಳೆಯುವಾಗ ಎರಡರಲ್ಲೂ ಚರ್ಮಕ್ಕೆ ತಾಗುವುದು ಒಂದೇ ಅಂಚು. ಎರಡನೆಯದು ಆಗ ಗಾಳಿಯಲ್ಲಿರುತ್ತದೆ. ಹಾಗಾಗಿ ಚರ್ಮದ ಪಾಲಿಗೆ ಲೆಕ್ಕಕ್ಕೆ ಬರುವುದು ಮೂರು ಸಂಗತಿ: ಬ್ಲೇಡು ಎಷ್ಟು ಮಿಸುಕುತ್ತದೆ, ಎಷ್ಟು ಹೊರಚಾಚಿದೆ, ಯಾವ ಓರೆಯಲ್ಲಿ ಬರುತ್ತದೆ.

ಎರಡನೇ ಅಂಚು ಎಲ್ಲಿಂದ ಬಂತು ಎಂಬುದನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದ ಕ್ಯಾಂಫ್ ಸೋದರರು 1880ರಲ್ಲಿ ಪೇಟೆಂಟ್ ಪಡೆದ ಸೇಫ್ಟಿ ರೇಜರು ಒಂದಂಚಿನದೇ. ಅದರ ಬ್ಲೇಡು ಕತ್ತಿಯ ತುಂಡಿನಂತೆ ದಪ್ಪ, ಮೊಂಡಾದಾಗ ಸಾಣೆ ಹಿಡಿಯಲೇಬೇಕು. ಕಿಂಗ್ ಕ್ಯಾಂಪ್ ಜಿಲೆಟ್ ಹಿಡಿದದ್ದು ಬೇರೆ ದಾರಿ: ತೆಳು ಉಕ್ಕಿನ ಪಟ್ಟಿಯಿಂದ ಕತ್ತರಿಸಿ ತೆಗೆದ, ಸಾಣೆಯ ಗೋಜಿಲ್ಲದೆ ಬಿಸಾಡಬಹುದಾದ ಬ್ಲೇಡು. ಅಷ್ಟು ತೆಳು ಉಕ್ಕನ್ನು ಸೊಟ್ಟಗಾಗದಂತೆ ಗಡುಸು ಮಾಡುವ ವಿಧಾನವನ್ನು ಕಂಡುಕೊಟ್ಟವರು ಎಂಜಿನಿಯರ್ ವಿಲಿಯಂ ನಿಕರ್ಸನ್. 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷ 90,884 ರೇಜರು. 1904ರ ನವೆಂಬರಿನಲ್ಲಿ ಪೇಟೆಂಟೂ ಸಿಕ್ಕಿತು. ತಗಡಿನ ಎರಡೂ ಬದಿಗೆ ಹರಿತ ಕೊಟ್ಟರೆ ಅಷ್ಟೇ ಉಕ್ಕಿಗೆ ದುಪ್ಪಟ್ಟು ಬಾಳಿಕೆ. ಎರಡಂಚು ತಂದುಕೊಡುವ ಲಾಭ ಉಳಿತಾಯದ್ದು; ಹಿತದ ವಿಚಾರಕ್ಕೆ ಉಕ್ಕಿನ ದಪ್ಪದತ್ತ ನೋಡಬೇಕು.

ಒಂದು ಕಡೆ ಬಿಗಿಹಿಡಿದು ಇನ್ನೊಂದು ತುದಿ ಹೊರಗೆ ಬಿಟ್ಟ ಪಟ್ಟಿ ಎಷ್ಟು ಗಡುಸು ಎಂಬುದು ಅದರ ದಪ್ಪದ ಘನವನ್ನು ಅನುಸರಿಸುತ್ತದೆ. 0.25 ಮಿ.ಮೀ. ಬ್ಲೇಡು 0.1 ಮಿ.ಮೀ. ಬ್ಲೇಡಿಗಿಂತ ಎರಡೂವರೆ ಪಟ್ಟು ದಪ್ಪ, 2.5ರ ಘನ 15.6. ಉಳಿದದ್ದೆಲ್ಲ ಒಂದೇ ಆಗಿದ್ದರೆ ದಪ್ಪ ಬ್ಲೇಡಿನ ತುದಿ ಹದಿನೈದು ಪಟ್ಟಿಗೂ ಹೆಚ್ಚು ಗಟ್ಟಿ ನಿಲ್ಲುತ್ತದೆ. ಆದರೆ ಉಳಿದದ್ದೆಲ್ಲ ಒಂದೇ ಆಗಿರುವುದಿಲ್ಲ. ಹಿಡಿತದಿಂದಾಚೆ ಬ್ಲೇಡು ಎಷ್ಟು ಉದ್ದ ಹೊರಚಾಚಿದೆ ಎಂಬುದೂ ಘನದ ಲೆಕ್ಕದಲ್ಲೇ ಬರುತ್ತದೆ, ಅದೂ ತಿರುಗುಮುರುಗಾಗಿ. ಆ ಉದ್ದ ಇಮ್ಮಡಿಯಾದರೆ ಗಡುಸುತನ ಎಂಟನೇ ಒಂದಕ್ಕೆ ಇಳಿಯುತ್ತದೆ. ಅಂದರೆ ದಪ್ಪ ಬ್ಲೇಡನ್ನು ಅಂಚಿನಿಂದ ದೂರದಲ್ಲಿ ಹಿಡಿದ ಒಂದಂಚಿನ ರೇಜರಿಗೂ, ತೆಳು ಬ್ಲೇಡನ್ನು ಅದರ ಅರ್ಧ ದೂರದಲ್ಲಿ ಹಿಡಿದ ಎರಡಂಚಿನ ರೇಜರಿಗೂ ಇರುವ ಅಂತರ ಹದಿನೈದು ಪಟ್ಟಿನಿಂದ ಎರಡು ಪಟ್ಟಿಗೆ ಕುಸಿಯುತ್ತದೆ. ಚೆನ್ನಾಗಿ ರೂಪಿಸಿದ ಎರಡಂಚಿನ ರೇಜರು ಕಳಪೆ ಒಂದಂಚಿನದಕ್ಕಿಂತ ನಯವಾಗಿ ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಬಗೆಯ ರೇಜರಿದೆ: ಎರಡಂಚಿನ ಬ್ಲೇಡನ್ನು ಉದ್ದಕ್ಕೆ ಎರಡಾಗಿ ಮುರಿದು ಅರ್ಧವನ್ನು ಮಾತ್ರ ಹಾಕುವಂಥದ್ದು. ಹೆಸರಿಗೆ ಅದೂ ಒಂದಂಚಿನದೇ, ಬ್ಲೇಡು ಮಾತ್ರ ಅದೇ ತೆಳು 0.1 ಮಿ.ಮೀ. ಅದರಿಂದ ದಪ್ಪ ಬ್ಲೇಡಿನ ಅನುಭವ ನಿರೀಕ್ಷಿಸಬಾರದು.

ಎರಡಂಚಿನ ರೇಜರು ತೆಳುತನವನ್ನು ಸಂಭಾಳಿಸುವ ರೀತಿ ಚೆಂದ. ಬ್ಲೇಡಿನ ಮೇಲೆ ಕೂರುವ ಮೇಲ್ತಟ್ಟೆಯ ಕೆಳಮೈ ಕಮಾನಿನಂತಿರುತ್ತದೆ. ಹಿಡಿಯನ್ನು ತಿರುಗಿಸಿ ಬಿಗಿದಾಗ ಬ್ಲೇಡು ಆ ಕಮಾನಿಗೆ ಬಾಗಿ ಕೂರುತ್ತದೆ. ಒಂದು ಹಾಳೆಯನ್ನು ತುದಿಯಲ್ಲಿ ಹಿಡಿದರೆ ಜೋತುಬೀಳುತ್ತದೆ. ಅದನ್ನೇ ದೋಣಿಯಂತೆ ಕೊಂಚ ಬಾಗಿಸಿ ಹಿಡಿದರೆ ನೆಟ್ಟಗೆ ಚಾಚಿ ನಿಲ್ಲುತ್ತದೆ. ಬ್ಲೇಡಿಗೂ ಇದೇ ಉಪಾಯ. ಅಂಚು ಉದ್ದಕ್ಕೂ ಅಲೆಯಲೆಯಾಗದೆ ನೇರವಾಗಿರುತ್ತದೆ. ಕಮಾನಿನಿಂದಾಚೆ ಚಾಚಿದ ಅರ್ಧ-ಮುಕ್ಕಾಲು ಮಿಲಿಮೀಟರು ಮಾತ್ರ ಆಗಲೂ ಬಳುಕುತ್ತದೆ.

ಆ ಬಳುಕು ಏನು ಮಾಡುತ್ತದೆ? ಅಂಚು ತಾಗಿದ ಕೂಡಲೇ ಕೂದಲು ತುಂಡಾಗುವುದಿಲ್ಲ. ಮೊದಲು ಬಾಗುತ್ತದೆ, ಬ್ಲೇಡೂ ಕೊಂಚ ಹಿಮ್ಮೆಟ್ಟುತ್ತದೆ. ಒತ್ತಡ ಏರಿ ಕೂದಲು ತುಂಡಾದ ಗಳಿಗೆಗೆ ಬ್ಲೇಡು ಚಿಮ್ಮಿ ಮುಂದಿನ ಕೂದಲಿಗೆ ಹಾರುತ್ತದೆ. ಸೆಕೆಂಡಿಗೆ ಹತ್ತಾರು ಸಲ ಹೀಗಾದರೆ ಅದೇ ಅದುರು. ಕೈಗೆ ಅದು ಸಣ್ಣ ಗರಗರ ಎನ್ನಿಸಬಹುದು, ಚರ್ಮಕ್ಕೆ ಮಾತ್ರ ಕೂದಲು ಜಗ್ಗಿದ ನೋವು, ಆಮೇಲೆ ಉರಿ. ಗದ್ದದಂಥ ಕಡೆ, ಕೂದಲು ದಟ್ಟವಾಗಿ ಒರಟಾಗಿರುವಲ್ಲಿ, ಇದು ಹೆಚ್ಚು. ದಪ್ಪ ಬ್ಲೇಡಿನ ನಿಜವಾದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ಮೂರು ದಿನದ ಗಡ್ಡವನ್ನೂ ಅದು ಸದ್ದು ಬದಲಾಗದಂತೆ ತೆಗೆದುಕೊಂಡು ಹೋಗುತ್ತದೆ.

ಆದರೆ ಬಳುಕದ ಬ್ಲೇಡು ತಪ್ಪನ್ನೂ ಕ್ಷಮಿಸುವುದಿಲ್ಲ. ತೆಳು ಬ್ಲೇಡಿನ ಮೇಲೆ ಒತ್ತಿದರೆ ಅದು ಕೊಂಚ ಹಿಂದೆ ಸರಿದು ಒತ್ತಡದ ಒಂದು ಪಾಲನ್ನು ತಾನೇ ನುಂಗುತ್ತದೆ. ದಪ್ಪ ಬ್ಲೇಡಿನ ಮೇಲೆ ಒತ್ತಿದರೆ ಅಷ್ಟೂ ಚರ್ಮಕ್ಕೆ ಹೋಗುತ್ತದೆ. ಹಾಗಾಗಿ ಒಂದಂಚಿನದಕ್ಕೆ ಬಂದವರು ಮೊದಲು ಬಿಡಬೇಕಾದ ಅಭ್ಯಾಸ ಒತ್ತುವುದು. ಹಿಡಿಯ ಕೆಳಭಾಗವನ್ನು ಬೆರಳ ತುದಿಯಲ್ಲಿ ಹಿಡಿಯಿರಿ, ರೇಜರಿನ ತೂಕವೇ ಒತ್ತಡವಾಗಲಿ.

ಇನ್ನು ಹೊರಚಾಚು, ಅಂದರೆ ಅಂಚು ಚರ್ಮದತ್ತ ಎಷ್ಟು ಮುಂದೆ ಬಂದಿದೆ ಎಂಬುದು. ಮೇಲ್ತಟ್ಟೆಯ ತುದಿಗೂ ಕೆಳಗಿನ ಕಾವಲು ಪಟ್ಟಿಗೂ ತಾಗುವಂತೆ ಒಂದು ಗೆರೆ ಎಳೆದಿದ್ದೇವೆ ಎಂದುಕೊಳ್ಳಿ. ಚರ್ಮ ಕೂರುವುದು ಆ ಗೆರೆಯ ಮೇಲೆ. ಅಂಚು ಗೆರೆಯಿಂದ ಒಳಗಿದ್ದರೆ ರೇಜರು ಸೌಮ್ಯ, ಗೆರೆಯನ್ನು ದಾಟಿ ಹೊರಬಂದಿದ್ದರೆ ಉಗ್ರ. ಇಲ್ಲಿ ವ್ಯತ್ಯಾಸ ನಡೆಯುವುದೇ ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ಅಂಚಿಗೂ ಕಾವಲು ಪಟ್ಟಿಗೂ ನಡುವಿನ ಸಂದು ಬೇರೆ ವಿಷಯ. ಅದು ಸಾಮಾನ್ಯವಾಗಿ ಅರ್ಧದಿಂದ ಒಂದು ಮಿಲಿಮೀಟರಿನ ಒಳಗಿರುತ್ತದೆ. ಚರ್ಮ ಮೆತ್ತಗಿರುವುದರಿಂದ ಒತ್ತಿದಾಗ ಆ ಸಂದಿನೊಳಗೆ ಉಬ್ಬಿ ಬರುತ್ತದೆ, ಉಬ್ಬಿದ ಚರ್ಮದ ನೆತ್ತಿಯನ್ನೇ ಅಂಚು ಸವರಿಕೊಂಡು ಹೋಗುತ್ತದೆ. ಸಂದು ಅಗಲವಾದಷ್ಟೂ ಉಬ್ಬು ಹೆಚ್ಚು. ಸೌಮ್ಯ ರೇಜರಿನಲ್ಲೂ ಒತ್ತುವವರಿಗೆ ಉರಿಯಾಗುವುದು ಇದರಿಂದಲೇ. ಎಡಗೈಯಿಂದ ಚರ್ಮವನ್ನು ಎಳೆದು ಹಿಡಿದರೆ ಉಬ್ಬು ಇಳಿಯುತ್ತದೆ. ಕತ್ತಿನ ಸಡಿಲ ಚರ್ಮಕ್ಕೆ ಇದು ಬೇಕೇ ಬೇಕು.

ಓರೆಯ ವಿಷಯದಲ್ಲಿ ಕೈ ಮರು-ಕಲಿಕೆ ಮಾಡಬೇಕು. ಎರಡಂಚಿನ ರೇಜರಿನ ಮೇಲ್ತಟ್ಟೆಯನ್ನು ಮೊದಲು ಕೆನ್ನೆಗೆ ತಾಗಿಸಿ, ಹಿಡಿಯನ್ನು ಮೆಲ್ಲಗೆ ಕೆಳಗಿಳಿಸುತ್ತಾ ಬನ್ನಿ. ಅಂಚು ತಾಗಿ ಕೂದಲು ಸಿಗುವ ಮೊದಲ ಗಳಿಗೆಯೇ ಸರಿಯಾದ ಕೋನ. ಸಾಧಾರಣ 30 ಡಿಗ್ರಿ ಆಸುಪಾಸು. ಇನ್ನೂ ಇಳಿಸಿದರೆ ಅಂಚು ಕತ್ತರಿಸುವುದನ್ನು ಬಿಟ್ಟು ಕೆರೆಯತೊಡಗುತ್ತದೆ. ಜೆಮ್ ಮತ್ತು ಇಂಜೆಕ್ಟರ್ ಮಾದರಿಯ ರೇಜರುಗಳಲ್ಲಿ ತಲೆ ಚಪ್ಪಟೆ. ಅದರ ಮುಖವನ್ನು ಕೆನ್ನೆಗೆ ಪೂರ್ತಿ ಮಲಗಿಸಿ, ಅಲ್ಲಿಂದ ಕೂದಲೆಳೆಯಷ್ಟೇ ಎತ್ತಿದರೆ ಸಾಕು. ಎರಡಂಚಿನ ರೇಜರಿನ ಕೋನವನ್ನೇ ಇಲ್ಲಿಗೂ ತಂದವರಿಗೆ ಕೆರೆತ ಖಂಡಿತ, ದೋಷವನ್ನು ಮಾತ್ರ ರೇಜರಿನ ಮೇಲೆ ಹಾಕುತ್ತಾರೆ. ಆರ್ಟಿಸ್ಟ್ ಕ್ಲಬ್ ಬ್ಲೇಡಿನ ರೇಜರುಗಳಲ್ಲಿ ಹಲವಕ್ಕೆ ದುಂಡು ಮೇಲ್ತಟ್ಟೆಯೇ ಇರುವುದರಿಂದ ಎರಡಂಚಿನದರ ಅಭ್ಯಾಸ ಅಲ್ಲಿ ನಡೆಯುತ್ತದೆ.

ಬ್ಲೇಡು ಹಾಕುವುದರಲ್ಲೇ ಅರ್ಧ ತೊಂದರೆ ಹುಟ್ಟುತ್ತದೆ. ಮೂರು ಭಾಗದ ಎರಡಂಚಿನ ರೇಜರಿನಲ್ಲಿ ಬ್ಲೇಡಿನ ತೂತಿಗೂ ಮೊಳೆಗೂ ನಡುವೆ ಸಣ್ಣ ಸಡಿಲ ಇದ್ದೇ ಇರುತ್ತದೆ. ಬ್ಲೇಡು ಒಂದಿಷ್ಟು ಓರೆಯಾಗಿ ಕೂತರೂ ಒಂದು ಬದಿ ಉಗ್ರ, ಇನ್ನೊಂದು ಬದಿ ಮೊಂಡು. ಮೇಲ್ತಟ್ಟೆಯನ್ನು ಬೋರಲು ಹಾಕಿ, ಬ್ಲೇಡು ಇಟ್ಟು, ತಳತಟ್ಟೆ ಕೂರಿಸಿ, ಬ್ಲೇಡಿನ ಹರಿತವಿಲ್ಲದ ಚಿಕ್ಕ ತುದಿಗಳನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಹಿಡಿಯನ್ನು ಬಿಗಿಯಿರಿ. ಆಮೇಲೆ ಎರಡೂ ಬದಿಯ ಸಂದನ್ನು ಬೆಳಕಿಗೆ ಹಿಡಿದು ನೋಡಿ. ಸಮ ಇಲ್ಲದಿದ್ದರೆ ಸಡಿಲಿಸಿ ಮತ್ತೆ ಬಿಗಿಯಿರಿ. ಬೆರಳ ಬಿಗಿ ಸಾಕು, ಅದಕ್ಕಿಂತ ಹೆಚ್ಚು ತಿರುಗಿಸಿದರೆ ಕಾಲಕ್ರಮೇಣ ತಿರುಪಿನ ಎಳೆ ಸವೆಯುತ್ತದೆ.

ಜೆಮ್ ಮಾದರಿಯಲ್ಲಿ ತಲೆ ತೆರೆದು ಬ್ಲೇಡನ್ನು ಹಿಂದಕ್ಕೆ ಜಾರಿಸಿದಾಗ ಅದರ ಮುಂದಿನ ಎರಡು ಮೂಲೆಗಳೂ ತಡೆಗಳ ಹಿಂದೆ ಕೂತಿರಬೇಕು. ಹಿಂದಿನ ಸ್ಪ್ರಿಂಗು ಬೆನ್ನುಪಟ್ಟಿಯನ್ನು ಮುಂದಕ್ಕೆ ನೂಕಿ ಹಿಡಿಯುತ್ತದೆ. ಹಳೆಯ ರೇಜರಿನಲ್ಲಿ ಸೋಪಿನ ಕಿಟ್ಟ ಕಟ್ಟಿ ಈ ಸ್ಪ್ರಿಂಗು ಜಡವಾಗಿದ್ದರೆ ಬ್ಲೇಡು ಹಿಂದೆಯೇ ಉಳಿದು ಕೂದಲೇ ಸಿಗುವುದಿಲ್ಲ. ಬಿಸಿನೀರಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಂದು ಎಚ್ಚರಿಕೆ: ಬಣ್ಣ ಕೆರೆಯಲು ಬಳಸುವ ಒಂದಂಚಿನ ಬ್ಲೇಡುಗಳೂ ಬೆನ್ನುಪಟ್ಟಿ ಸಮೇತ ಇದೇ ಆಕಾರದಲ್ಲಿ ಸಿಗುತ್ತವೆ. ಅವುಗಳ ಅಂಚು ಮುಖಕ್ಕಲ್ಲ. ಕ್ಷೌರದ ಬ್ಲೇಡಿನ ಅಂಚಿಗೆ ಟೆಫ್ಲಾನ್ ಜಾತಿಯ ತೀರ ತೆಳು ಲೇಪನವಿರುತ್ತದೆ, ಕೂದಲಿನೊಳಗೆ ಅಂಚು ಜಾರಿಹೋಗಲು ಅದು ಬಹಳ ಮುಖ್ಯ. ಜೆಮ್, ಆರ್ಟಿಸ್ಟ್ ಕ್ಲಬ್, ಇಂಜೆಕ್ಟರ್ ಬ್ಲೇಡುಗಳು ಒಂದರ ಜಾಗಕ್ಕೆ ಇನ್ನೊಂದು ಹೊಂದುವುದೂ ಇಲ್ಲ.

ಉಕ್ಕಿಗಿಂತ ಕೂದಲು ಸುಮಾರು ಐವತ್ತು ಪಟ್ಟು ಮೆದು. ಆದರೂ ಬ್ಲೇಡು ಸೋಲುವುದೇಕೆ ಎಂಬುದನ್ನು ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕೂದಲು ಕತ್ತರಿಸಿ ನೋಡಿ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ಅಂಚು ನಿಧಾನವಾಗಿ ದುಂಡಗಾಗಿ ಸವೆಯುವುದಕ್ಕಿಂತ ಹೆಚ್ಚಾಗಿ ಅಲ್ಲಲ್ಲಿ ಚೂರು ಎದ್ದುಹೋಗುತ್ತದೆ. ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಜಾಗದಲ್ಲಿ, ಕೂದಲು ಬಾಗಿ ಓರೆಯಾಗಿ ತಾಗಿದಾಗ ಹೀಗಾಗುತ್ತದೆ. ಇದು ಎರಡೂ ಬಗೆಯ ಬ್ಲೇಡಿಗೂ ಅನ್ವಯ. ದಪ್ಪ ಬೆನ್ನಿನದ್ದಿರಲಿ, ಕಾಗದದಂಥದ್ದಿರಲಿ, ತುದಿಯ ಅಂಚು ಎರಡರಲ್ಲೂ ನ್ಯಾನೊಮೀಟರುಗಳ ಲೆಕ್ಕದ್ದೇ. ಆ ಅಂಚನ್ನು ಟವೆಲಿನಿಂದ ಒರೆಸಬೇಡಿ. ನೀರಲ್ಲಿ ಅಲ್ಲಾಡಿಸಿ, ಕೊಡವಿ, ಒಣಗಲು ಬಿಡಿ.

ಕೂದಲನ್ನು ಸಿದ್ಧಮಾಡುವ ಕೆಲಸ ಯಾವ ರೇಜರಿನ ಆಯ್ಕೆಗಿಂತಲೂ ಹೆಚ್ಚು ಫಲ ಕೊಡುತ್ತದೆ. ಒಣಗಿದ ಕೂದಲಲ್ಲಿ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳು ಹೈಡ್ರೋಜನ್ ಬಂಧಗಳಿಂದ ಬಿಗಿದುಕೊಂಡಿರುತ್ತವೆ. ನೀರು ಒಳಹೊಕ್ಕು ಆ ಬಂಧಗಳನ್ನು ಸಡಿಲಿಸಿದಾಗ ಕತ್ತರಿಸಲು ಬೇಕಾದ ಬಲ ಗಣನೀಯವಾಗಿ ಇಳಿಯುತ್ತದೆ. ಇದಕ್ಕೆ ಬೆಚ್ಚನೆ ನೀರಿನಲ್ಲಿ ಎರಡು-ಮೂರು ನಿಮಿಷ ಬೇಕು. ಮುಖಕ್ಕೆ ನೀರೆರಚಿ ಹತ್ತು ಸೆಕೆಂಡಿಗೆ ಸೋಪು ಹಚ್ಚಿದರೆ ಕೂದಲು ಹೊರಗಷ್ಟೇ ಒದ್ದೆ. ನೊರೆಯ ಕೆಲಸ ಆ ನೀರನ್ನು ಹಿಡಿದಿಡುವುದು. ಬೆರಳಲ್ಲಿ ತಿಕ್ಕಿದರೆ ಜಾರಬೇಕು, ದೊಡ್ಡ ಗುಳ್ಳೆಗಳಿರಬಾರದು. ದಪ್ಪಗೆ ಹಿಟ್ಟಿನಂತೆ ನಿಂತರೆ ನೀರು ಕಡಿಮೆ ಎಂದೇ ಅರ್ಥ, ಹನಿ ಹನಿ ಸೇರಿಸಿ ಮತ್ತೆ ಕಲಸಿ.

ಮೊದಲ ಸುತ್ತು ಕೂದಲು ಮಲಗಿದ ದಿಕ್ಕಿಗೇ, ಎರಡು-ಮೂರು ಸೆಂಟಿಮೀಟರಿನ ಗಿಡ್ಡ ಎಳೆತಗಳಲ್ಲಿ. ಕತ್ತಿನಲ್ಲಿ ಈ ದಿಕ್ಕು ಹಲವರಿಗೆ ಅಡ್ಡವೋ ಮೇಲ್ಮುಖವೋ ಆಗಿರುತ್ತದೆ; ಬೆರಳಾಡಿಸಿ ಒಮ್ಮೆ ಗುರುತು ಮಾಡಿಕೊಂಡರೆ ಮುಗಿಯಿತು. ಬೇಕಿದ್ದರೆ ಮತ್ತೆ ನೊರೆ ಹಚ್ಚಿ ಅಡ್ಡಡ್ಡ. ಎದುರು ದಿಕ್ಕಿನ ಸುತ್ತು ಎಲ್ಲರಿಗೂ ಅಲ್ಲ: ಗುಂಗುರು ಗಡ್ಡದವರಿಗೆ ಅದರಿಂದ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗಿ, ಬೆಳೆಯುವಾಗ ಚರ್ಮಕ್ಕೇ ಚುಚ್ಚಿಕೊಂಡು ಗುಳ್ಳೆಯೇಳುತ್ತದೆ. ಆ ತೊಂದರೆ ಇರುವವರಿಗೆ ಎರಡೂ ಬಗೆಯ ರೇಜರು ಸರಿಯೇ, ಮೊದಲ ಸುತ್ತಿಗೇ ನಿಲ್ಲಿಸುವುದು ಮುಖ್ಯ.

ತೊಳೆಯುವ ವಿಷಯದಲ್ಲಿ ಎರಡಂಚಿನದು ಗೆಲ್ಲುತ್ತದೆ. ಒಂದು ಬದಿ ನೊರೆ ತುಂಬಿದರೆ ರೇಜರನ್ನು ತಿರುಗಿಸಿ ಮುಂದುವರಿಯಬಹುದು, ಒಂದಂಚಿನದನ್ನು ಸುಮಾರು ಇಮ್ಮಡಿ ಸಲ ತೊಳೆಯಬೇಕು. ಮೂಗಿನ ಕೆಳಗೆ ಇಂಜೆಕ್ಟರಿನ ಕಿರಿದಾದ ತಲೆಗೆ ಸಾಟಿಯಿಲ್ಲ.

ಹೊಸದಾಗಿ ಕಲಿಯುವವರಿಗೆ ಅಂಚು ಗೆರೆಯೊಳಗಿರುವ ಸೌಮ್ಯ ಎರಡಂಚಿನ ರೇಜರೇ ಉತ್ತಮ: ಬ್ಲೇಡಿನ ಬಳುಕು ಕೈಯ ತಪ್ಪುಗಳನ್ನು ಒಂದಷ್ಟು ಸಹಿಸುತ್ತದೆ, ಬೇರೆ ಬೇರೆ ಬ್ಲೇಡುಗಳನ್ನು ಪರೀಕ್ಷಿಸುವ ಅವಕಾಶವೂ ದೊಡ್ಡದು. ಒರಟು ಗಡ್ಡ, ಅದರ ಜೊತೆಗೆ ಬೇಗ ಕೆಂಪಾಗುವ ಚರ್ಮ ಇರುವವರು, ಕೈ ಹಗುರವಾದ ಮೇಲೆ, ದಪ್ಪ ಬ್ಲೇಡಿನ ಒಂದಂಚಿನದಕ್ಕೆ ಬರುವುದು ಸರಿ.

ಎರಡೂ ಕೈಯಲ್ಲಿದ್ದರೆ ಹೋಲಿಕೆ ಹೀಗೆ ಮಾಡಿ. ಎರಡಕ್ಕೂ ಹೊಸ ಬ್ಲೇಡು, ಒಂದೇ ನೊರೆ, ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು. ಮರುಸಲ ಅದಲುಬದಲು ಮಾಡಿ, ಏಕೆಂದರೆ ಬಲಗೈಯವರಿಗೆ ಎರಡೂ ಕೆನ್ನೆಗಳ ಮೇಲೆ ಕೈ ಒಂದೇ ಥರ ಓಡುವುದಿಲ್ಲ. ಹೀಗೆ ನಾಲ್ಕು ಸಲ. ಮುಗಿದ ಕೂಡಲೇ ಕನ್ನಡಿಯಲ್ಲಿ ಕಾಣುವ ನುಣುಪನ್ನು ನಂಬಬೇಡಿ. ಹತ್ತು ನಿಮಿಷದ ಮೇಲೆ ತಣ್ಣೀರು ತಾಗಿದಾಗ ಚುರುಗುಟ್ಟುವುದು ಎಲ್ಲಿ, ಮರುದಿನ ಬೆಳಿಗ್ಗೆ ಕೆಂಪು ಚುಕ್ಕೆಗಳಿರುವುದು ಯಾವ ಬದಿಗೆ ಎಂಬುದನ್ನು ಬರೆದಿಡಿ.